ಕಷ್ಟದ ವರ್ಷ ಕಲಿಸಿದ್ದು

ಪ್ರಶ್ನೆ: ಅಕ್ಕಾ, ಯಜಮಾನರ ಕ್ಯಾನ್ಸರ್ ಚಿಕಿತ್ಸೆಯಲ್ಲೇ ನಿಮ್ಮ ಈ ವರ್ಷ ಕಳೆಯಿತು. ಏನು ಕಲಿತಿರಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸಹಾಯ ಕೇಳುವುದನ್ನು ಕಲಿತೆ ಕಣಮ್ಮ. ‘ಏನಾದ್ರೂ ಬೇಕಿದ್ರೆ ಹೇಳಿ’ ಅಂದವರಿಗೆಲ್ಲ ಕೆಲಸ ಹಂಚಿದೆ. ಪಕ್ಕದ ಮನೆ ವಹಿನಿಗೆ ಮಂಗಳವಾರದ ಟಿಫಿನ್, ಮೈದುನನಿಗೆ ರಿಪೋರ್ಟ್ ಫೈಲು. ಉಪದೇಶ ಮಾತ್ರ ಯಾರ ಹತ್ತಿರವೂ ಕೇಳಲಿಲ್ಲ, ಅದು ಸುಮ್ನೆ ಬರುತ್ತೆ ಅಲ್ವಾ!

ಮುಂಬೈ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬೆಳಗಿನ ಲೋಕಲ್ ರೈಲಿನಲ್ಲಿ ರೋಗಿಯನ್ನು ಕರೆದೊಯ್ಯುವುದು ಹುಡುಗಾಟವಲ್ಲ. ಅಂಗವಿಕಲರ ಬೋಗಿಯಲ್ಲಿ ಕ್ಯಾನ್ಸರ್ ರೋಗಿಗಳೂ ಹತ್ತಬಹುದು ಎಂದು ತಿಳಿದಿದ್ದು ಕೂಡ ಕ್ಯೂನಲ್ಲಿ ಒಬ್ಬರನ್ನು ಕೇಳಿದ್ದರಿಂದಲೇ. ಊರಿಂದ ಬರುವವರಿಗೆ ದಾದರಿನಲ್ಲಿ ಗಾಡ್ಗೆ ಮಹಾರಾಜ ಧರ್ಮಶಾಲೆ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಟಿಕೆಟ್ ಪೂರ್ತಿ ರಿಯಾಯಿತಿ. ಆಸ್ಪತ್ರೆಯ ಸರ್ಟಿಫಿಕೇಟ್ ಮೊದಲೇ ಮಾಡಿಸಿಕೊಳ್ಳಿ.