ಸೆಮಿನರಿ ಸೇರುವ ಮುಂಚೆ ಗ್ರೀಕ್ ಕಲಿಯಬೇಕಾ?

ನೀವು ಕೇಳಿದ್ದು ಇಷ್ಟು: ಕನ್ನಡ ಮೀಡಿಯಂನಲ್ಲಿ ಡಿಗ್ರಿ ಮುಗಿಸಿದ್ದೀರಿ, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ಬಿ.ಡಿ. (ಪಾದ್ರಿಯಾಗಲು ಓದುವ ಬ್ಯಾಚುಲರ್ ಆಫ್ ಡಿವಿನಿಟಿ) ಓದಲು ಹೋಗುತ್ತಿದ್ದೀರಿ, ಬೈಬಲ್ಲಿನ ಮೂಲ ಭಾಷೆಗಳಾದ ಗ್ರೀಕ್, ಹೀಬ್ರೂ ಹೆಸರು ಕೇಳಿದರೇ ಭಯ, ಈಗಿನಿಂದಲೇ ಏನು ಓದಲಿ ಅಂತ. ನಾನೂ ಬಿ.ಡಿ. ಮಾಡಿದವನು, ಈಗ ಒಂದು ಸಭೆ ನೋಡಿಕೊಳ್ಳುತ್ತಿದ್ದೇನೆ.

ಗ್ರೀಕ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಅದರ 24 ಅಕ್ಷರ ಬರೆಯಲು ಕಲಿತು ಹೋದರೆ ಸಾಕು. ನಿಜ ಹೇಳಬೇಕೆಂದರೆ ಕನ್ನಡದವರಿಗೆ ಅಲ್ಲಿ ಒಂದು ಲಾಭ ಇದೆ. 'ವಾಕ್ಯ' ಅನ್ನುವ ಗ್ರೀಕ್ ಪದದ ರೂಪಗಳನ್ನು ಲೋಗೋಸ್, ಲೋಗೂ, ಲೋಗೋ, ಲೋಗೊನ್ ಅಂತ ಬೋರ್ಡ್ ಮೇಲೆ ಬರೆದಾಗ ಇಂಗ್ಲಿಷ್‌ನಲ್ಲೇ ಬೆಳೆದವರು ಕಂಗಾಲಾಗುತ್ತಾರೆ. ನಮಗೆ ಅದು ವಾಕ್ಯವು, ವಾಕ್ಯದ, ವಾಕ್ಯಕ್ಕೆ, ವಾಕ್ಯವನ್ನು, ಅಷ್ಟೇ. 'ಪೇತ್ರನನ್ನು ಯೇಸು ಕರೆದನು' ಅಂದರೂ 'ಯೇಸು ಪೇತ್ರನನ್ನು ಕರೆದನು' ಅಂದರೂ ಕರೆದವರು ಯಾರು ಅಂತ ನಮಗೆ ಗೊಂದಲ ಆಗಲ್ಲ ಅಲ್ವಾ? ಗ್ರೀಕ್‌ನಲ್ಲೂ ಹಾಗೇ, ವಿಭಕ್ತಿ ನೋಡಿ ಗೊತ್ತಾಗುತ್ತದೆ. ಕ್ರಿಯಾಪದಗಳು ಮಾತ್ರ ಬೆವರಿಳಿಸುತ್ತವೆ, ಅಲ್ಲಿ ದಿನಾ ಸ್ವಲ್ಪ ಸ್ವಲ್ಪ ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ.

ಜಾಸ್ತಿ ಕಷ್ಟ ಕೊಡುವುದು ಬೇರೆ. ಮೊದಲ ವರ್ಷವೇ ಹಳೇ ಒಡಂಬಡಿಕೆಯ ಕ್ಲಾಸಿನಲ್ಲಿ ಆದಿಕಾಂಡದ 1 ಮತ್ತು 2ನೇ ಅಧ್ಯಾಯ ಪಕ್ಕಪಕ್ಕ ಇಟ್ಟು ಓದಿಸುತ್ತಾರೆ. ಮೊದಲನೆಯದರಲ್ಲಿ ಗಿಡ, ಪ್ರಾಣಿ ಎಲ್ಲ ಆದಮೇಲೆ ಕೊನೆಗೆ ಮನುಷ್ಯ. ಎರಡನೆಯದರಲ್ಲಿ ಮೊದಲೇ ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು. ಸಂಡೇ ಸ್ಕೂಲಿನಿಂದ ಓದುತ್ತಾ ಬಂದರೂ ನಮ್ಮ ಕಣ್ಣಿಗೆ ಅದು ಬಿದ್ದೇ ಇರುವುದಿಲ್ಲ. ಆಮೇಲೆ ಮಾರ್ಕನ ಸುವಾರ್ತೆ ಬರುತ್ತದೆ. ತುಂಬಾ ಹಳೆಯ ಎರಡು ಕೈಬರಹದ ಪ್ರತಿಗಳಲ್ಲಿ ಅದು 16:8ಕ್ಕೇ ನಿಂತುಬಿಡುತ್ತದೆ, ಮುಂದಿನ 12 ವಚನ ಇಲ್ಲ. ಹೆಂಗಸರು ಹೆದರಿ ಸಮಾಧಿಯಿಂದ ಓಡಿಹೋದರು, ಮುಗಿಯಿತು. ಆ ದಿನ ಹಾಸ್ಟೆಲಿನಲ್ಲಿ ಊಟದ ಹೊತ್ತಿಗೆ ಒಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಇಲ್ಲಿ ತುಂಬಾ ಜನ ಹಿಡಿಯುವ ಸುಲಭದ ದಾರಿ ನನಗೆ ಹಿಡಿಸಲ್ಲ. ಪರೀಕ್ಷೆಗೆ ಮೇಷ್ಟ್ರು ಹೇಳಿದ್ದನ್ನು ಬರೆಯುವುದು, ಭಾನುವಾರ ಊರಿನ ಪ್ರಸಂಗದಲ್ಲಿ ಹಳೆಯದನ್ನೇ ಹೇಳುವುದು, ಎರಡೂ ಒಂದಕ್ಕೊಂದು ಸೋಕದ ಹಾಗೆ ನಾಲ್ಕು ವರ್ಷ ದೂಡುವುದು. ಅದರ ಬದಲು ಕ್ಲಾಸಿನಲ್ಲೇ ಕೈ ಎತ್ತಿ, 'ಸರ್, ಹಾಗಾದರೆ ಇದನ್ನು ನಾನು ಪ್ರಾರ್ಥನೆಯಲ್ಲಿ ಹೇಗೆ ಓದಲಿ?' ಅಂತ ಕೇಳಿ. ಒಳ್ಳೆ ಮೇಷ್ಟ್ರಿಗೆ ಅದೇ ಬೇಕು. ಮೊದಲ ರಜೆಗೆ ಊರಿಗೆ ಹೋದಾಗ ಮಾತ್ರ ಕ್ಲಾಸಿನಲ್ಲಿ ಕೇಳಿದ 'ಪಂಚಗ್ರಂಥ (ಬೈಬಲ್ಲಿನ ಮೊದಲ ಐದು ಪುಸ್ತಕ) ಮೋಶೆ ಬರೆದದ್ದಲ್ಲ' ಅನ್ನುವ ಮಾತನ್ನು ಸಭೆಯ ಹಿರಿಯರ ಮುಂದೆ ಶುರು ಹಚ್ಚಿಕೊಳ್ಳಬೇಡಿ, ನಿಮ್ಮನ್ನು ಕಳಿಸಿದ ಅಯ್ಯನವರ (ಪಾದ್ರಿಯವರ) ಪಾಡು ನೆನಪಿರಲಿ!

ಈಗ ಮಾಡಬೇಕಾದದ್ದು ಅಂದರೆ ಬೈಬಲ್ ಓದುವುದು. ದಿನಕ್ಕೊಂದು ಅಧ್ಯಾಯ ಅಲ್ಲ, ಒಂದೊಂದು ಪುಸ್ತಕವನ್ನು ಒಂದೇ ಸಲ ಕೂತು. ಮಾರ್ಕ ಎರಡು ಗಂಟೆಯೊಳಗೆ ಮುಗಿಯುತ್ತದೆ. ಬೈಬಲ್ಲೇ ಗೊತ್ತಿಲ್ಲದೆ ಬೈಬಲ್ ವಿಮರ್ಶೆ ಓದುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಕನ್ನಡ ಮೀಡಿಯಂ ಅಂತ ಕುಗ್ಗಬೇಡಿ. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಮಂಗಳೂರಿನಿಂದ. ಜರ್ಮನಿಯಿಂದ ಬಂದವರು ಕನ್ನಡ ಕಲಿತು ಕೆಲಸ ಮಾಡಿದ ಊರಿನಲ್ಲಿ ನೀವು ಕನ್ನಡದಲ್ಲಿ ಪ್ರಶ್ನೆ ಕೇಳಲು ನಾಚಿಕೆ ಯಾಕೆ? ಆದರೆ ಲೈಬ್ರರಿಯ ಪುಸ್ತಕಗಳು ಬಹುಪಾಲು ಇಂಗ್ಲಿಷ್. ದಿನಾ ಒಂದೆರಡು ಪುಟ ಓದಿ, ಅದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ಡಿಗ್ರಿ ಕೊಡುವುದು ಕಾಲೇಜಲ್ಲ, ಬಂಗಾಳದ ಸೆರಾಂಪುರ ಸೆನೆಟ್, ಅಂದರೆ ಇಂಥ ಅನೇಕ ಥಿಯಾಲಜಿ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಹಾಗೆ ಇರುವ ಸಂಸ್ಥೆ. ಹಳೇ ಪ್ರಶ್ನೆಪತ್ರಿಕೆ ನಿಮ್ಮ ಸೀನಿಯರ್‌ಗಳ ಹತ್ತಿರ ಕೇಳಿ ನೋಡಬಹುದು.

ಹೀಬ್ರೂ ಬಲಗಡೆಯಿಂದ ಓದಬೇಕು, ಒಂದೆರಡು ವಾರದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಮತ್ತೆ, ಮಳೆಗಾಲದಲ್ಲಿ ಸೇರುವುದಾದರೆ ಗಟ್ಟಿ ಕೊಡೆ ತಗೊಂಡು ಹೋಗಿ.