ಬ್ಲ್ಯಾಕ್ ಮೆಟಲ್ ಬಗ್ಗೆ ಬರೆದ ಇಳಕಲ್ಲಿನ ಗೆಳೆಯರಿಗೆ

ಗೆಳೆಯರೇ,

ಹೆವಿ ಮೆಟಲ್ ರಾಕ್ ಸಂಗೀತದ ಒರಟು ಕವಲಾದ ಬ್ಲ್ಯಾಕ್ ಮೆಟಲ್ ಸಂಗೀತದ ಇತಿಹಾಸ ಮತ್ತು ಶೈಲಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಬಾಗಲಕೋಟೆಯಿಂದ ಹೊರಡುವ ಸಣ್ಣ ಮಾಸಪತ್ರಿಕೆಗೆ ಇಂಥ ವಿಷಯ ಬರುವುದು ಅಪರೂಪ. ಭಾಷೆ ಚೊಕ್ಕ ಇದೆ, ಕಾಗುಣಿತ ತಪ್ಪಿಲ್ಲ, ಸಾಕಷ್ಟು ಓದಿಕೊಂಡೇ ಬರೆದಿದ್ದೀರಿ. ಹೊಗಳಿಕೆ ಇಲ್ಲಿಗೆ ಮುಗಿಯಿತು. ನಿಮ್ಮ ಹೆಸರು ಹಾಕದೆ ಉತ್ತರವನ್ನು ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ. ನನಗೆ ಸಿಟ್ಟು ತರಿಸಿದ ಎರಡು ದೋಷ ಬೇರೆಯವರ ಬರಹದಲ್ಲೂ ಇವೆ, ಅವರೂ ಓದಲಿ.

ಮೊದಲನೆಯದು ನೆತ್ತರು. ನಿಮ್ಮ ಲೇಖನದ ಅರ್ಧದಷ್ಟು ಬೆಂಕಿ, ಚೂರಿ, ಜೈಲು. ಎರಡನೇ ಪುಟ ಹೀಗೆ ಶುರುವಾಗುತ್ತದೆ: “1992ರ ಜೂನ್ 6ರ ನಸುಕಿನಲ್ಲಿ ವಾರ್ಗ್ ವಿಕರ್ನೆಸ್ ಫಾಂಟಾಫ್ಟ್ ಚರ್ಚಿಗೆ ಕಿಚ್ಚಿಟ್ಟ. ಬ್ಲ್ಯಾಕ್ ಮೆಟಲ್ ನಿಜವಾಗಿ ಹುಟ್ಟಿದ್ದು ಆ ಜ್ವಾಲೆಯಲ್ಲಿ.” ಗತ್ತೇನೋ ಇದೆ. ಆದರೆ ವಿಕರ್ನೆಸ್ ಎಂಬ ಈ ನಾರ್ವೆಯ ಸಂಗೀತಗಾರನಿಗೆ ಅಲ್ಲಿಯ ಬೇರೆ ಚರ್ಚುಗಳನ್ನು ಸುಟ್ಟದ್ದಕ್ಕೆ ಶಿಕ್ಷೆಯಾಯಿತೇ ಹೊರತು ಫಾಂಟಾಫ್ಟ್ ಪ್ರಕರಣದಲ್ಲಿ ಜ್ಯೂರಿ ಅವನನ್ನು ತಪ್ಪಿತಸ್ಥ ಅನ್ನಲಿಲ್ಲ. ಕೋರ್ಟು ಹೇಳದ್ದನ್ನು ನಾವು ಅಚ್ಚು ಹಾಕುವ ಹಾಗಿಲ್ಲ, ಮನುಷ್ಯ ಎಂಥವನೇ ಇರಲಿ. ಇನ್ನು ಜ್ವಾಲೆಯಲ್ಲಿ ಹುಟ್ಟಿದ ಮಾತು. ಈ ಸಂಗೀತಕ್ಕೆ ಹೆಸರು ಕೊಟ್ಟ ಆಲ್ಬಂ ಇಂಗ್ಲೆಂಡಿನ ವೆನಮ್ ತಂಡದ್ದು, 1982ರದು. ಸ್ವೀಡನ್ನಿನ ಬಾಥೋರಿಯ ಮೊದಲ ಆಲ್ಬಂ 1984ರದು. ಇವೆರಡನ್ನೂ ಒಂದನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಹಾಳೆ ತಿರುವುವಷ್ಟರಲ್ಲಿ ಮರೆತಿರಿ. ಡಾರ್ಕ್‌ಥ್ರೋನ್ ತಂಡದ ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’ ಎಂಬ ನಾರ್ವೆಯ ಆಲ್ಬಂ ಕೂಡ ಚರ್ಚು ಉರಿಯುವುದಕ್ಕೆ ಮೊದಲೇ, ಅದೇ ವರ್ಷದ ಫೆಬ್ರವರಿಯಲ್ಲಿ ಬಂದಿತ್ತು.

ಅಷ್ಟಕ್ಕೂ ಸುಟ್ಟುಹೋದದ್ದು ಏನು? ಅದನ್ನು ನೀವು ಹೇಳಲೇ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಫೋರ್ಟುನ್ ಎಂಬ ಊರಲ್ಲಿ ಬರೀ ಮರದಲ್ಲಿ ಕಟ್ಟಿದ ಚರ್ಚು ಅದು. ಕೆಡವಿ ಹಾಕುತ್ತಾರೆಂದು ಗೊತ್ತಾದಾಗ 1883ರಲ್ಲಿ ಬಿಡಿಬಿಡಿಯಾಗಿ ಬಿಚ್ಚಿ, ಬರ್ಗೆನ್ ಹತ್ತಿರ ತಂದು ಮತ್ತೆ ನಿಲ್ಲಿಸಿದ್ದರು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು, ಬಾಗಿಲು ಚೌಕಟ್ಟು ಕಿತ್ತುಕೊಂಡು ನವನಗರಕ್ಕೆ ಬಂದ ಓದುಗರು ನಮಗಿದ್ದಾರೆ. ಅವರಿಗೆ ಈ ಒಂದು ಮಾತು ಸಾಕಿತ್ತು. ನೀವು ಅವರಿಗೆ ಕೆಂಪು ಆಕಾಶ ಬರೆದು ಕೊಟ್ಟಿರಿ.

ಮುಂದಿನ ಸಾಲು ನನ್ನನ್ನು ಇನ್ನೂ ಕೆಣಕಿತು: “ಯುರಾನಿಮಸ್‌ನ ಹತ್ಯೆ ಈ ಸಂಗೀತಕ್ಕೆ ಅಮರತ್ವ ತಂದುಕೊಟ್ಟಿತು.” ಕೊಂದವನು ಅದೇ ವಿಕರ್ನೆಸ್. ಅವನ ಹೆಸರು, ಅಡ್ಡಹೆಸರು, 21 ವರ್ಷದ ಶಿಕ್ಷೆ, ಕೋರ್ಟಿನಲ್ಲಿ ಅವನು ನಕ್ಕ ಚಿತ್ರ, ಎಲ್ಲ ಬರೆದಿದ್ದೀರಿ. 1993ರ ಆಗಸ್ಟ್ 10ರಂದು ಓಸ್ಲೋದಲ್ಲಿ ತನ್ನ ಮನೆಯ ಮೆಟ್ಟಿಲ ಮೇಲೆ ಸತ್ತ ಹುಡುಗನ ನಿಜ ಹೆಸರು ಓಯ್ಸ್ಟೈನ್ ಓರ್ಸೆತ್, ವಯಸ್ಸು 25. ಅದು ಎಲ್ಲಿದೆ? ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಕೊಲೆ ಸುದ್ದಿ ತಂದವರಿಗೆ ಅವರ ಮೊದಲ ಪ್ರಶ್ನೆ ಒಂದೇ: “ಸತ್ತಾಂವ ಯಾರಪಾ? ಏನ ಮಾಡ್ಕೊಂಡಿದ್ದ?” ಅದಕ್ಕೆ ಉತ್ತರ ಇಲ್ಲದ ಸುದ್ದಿಯನ್ನು ಮಡಚಿ ವಾಪಸು ಕೊಡುತ್ತಿದ್ದರು, ಆರೋಪಿಯ ಏಳು ತಲೆಮಾರು ಬರೆದಿದ್ದರೂ. ಓರ್ಸೆತ್ ಏನು ಮಾಡಿಕೊಂಡಿದ್ದ? ಮೇಹೆಮ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ, ಓಸ್ಲೋದಲ್ಲಿ ‘ಹೆಲ್ವೆಟೆ’ ಎಂಬ ರೆಕಾರ್ಡ್ ಅಂಗಡಿ ಇಟ್ಟಿದ್ದ. ಅವನು ಸತ್ತ ಮೇಲೆ, 1994ರ ಮೇ ತಿಂಗಳಲ್ಲಿ, ಮೇಹೆಮ್ ಆಲ್ಬಂ ಹೊರಬಂತು. ಅದರಲ್ಲಿ ಗಿಟಾರ್ ಕೊಲೆಯಾದವನದು, ಬಾಸ್ ಗಿಟಾರ್ ಕೊಂದವನದು. ಆ ಬಾಸ್ ತೆಗೆದುಹಾಕಿ ಎಂದು ಸತ್ತವನ ಮನೆಯವರು ಕೇಳಿಕೊಂಡಿದ್ದರು. ಡ್ರಮ್ಮರ್ ಹೆಲ್‌ಹ್ಯಾಮರ್ ತೆಗೆಯಲಿಲ್ಲ. ತಗ್ಗಿದ ದನಿಯಲ್ಲಿ ಅದು ಈಗಲೂ ಒಳಗಿದೆ. ಕೊಲೆಯ ಬಗ್ಗೆ ಬರೆಯಲೇಬೇಕು ಅಂದರೆ ಬರೆಯಬೇಕಾದದ್ದು ಇದು. ನಿಮ್ಮಲ್ಲಿ ಆ ಆಲ್ಬಮ್ಮಿಗೆ ಅರ್ಧ ವಾಕ್ಯ, ಅದೂ ಇಸವಿ ಹೇಳುವುದಕ್ಕೆ.

ಅದೇ ತಂಡದ ಹಾಡುಗಾರ 1991ರಲ್ಲಿ ಜೀವ ಕಳೆದುಕೊಂಡದ್ದನ್ನು ಫೋಟೊ ಸಮೇತ ವಿವರಿಸಿದ್ದೀರಲ್ಲ, ಆ ಪ್ಯಾರಾ ನಮ್ಮಲ್ಲಿ ಬರುವುದಿಲ್ಲ. ಚರ್ಚೆ ಬೇಡ.

ಎರಡನೆಯ ದೋಷಕ್ಕೆ ಬರುತ್ತೇನೆ. ನಿಮ್ಮ ಲೇಖನದಲ್ಲಿ ಸಂಗೀತ ಕೇಳಿಸುವುದೇ ಇಲ್ಲ. ಮೂರನೇ ಪುಟದ ಈ ಸಾಲು ನೋಡಿ: “ಹಣವಿಲ್ಲದ ಕಾರಣ ಧ್ವನಿಮುದ್ರಣ ಕಳಪೆ, ಕಿವಿಗಡಚಿಕ್ಕುವ ಗಿಟಾರ್, ಮೈ ನಡುಗಿಸುವ ಕಿರುಚಾಟ, ನರಕಸದೃಶ ವಾತಾವರಣ.”

ಹಣವಿಲ್ಲದ ಕಾರಣ ಅನ್ನುವುದು ಅರ್ಧ ಸತ್ಯ. ಡಾರ್ಕ್‌ಥ್ರೋನ್ ಹುಡುಗರು 1991ರಲ್ಲಿ ಹೊರಬಂದ ತಮ್ಮ ಮೊದಲ ಆಲ್ಬಮ್ಮನ್ನು ಸ್ಟಾಕ್‌ಹೋಮಿನ ಹೆಸರುವಾಸಿ ಸನ್‌ಲೈಟ್ ಸ್ಟುಡಿಯೋದಲ್ಲಿ ಮಾಡಿದವರು, ಅದೂ ಡೆತ್ ಮೆಟಲ್ ಎಂಬ ಬೇರೆ ಶೈಲಿಯಲ್ಲಿ. ಒಳ್ಳೆಯ ಧ್ವನಿ ಅವರಿಗೆ ಸಿಕ್ಕಿತ್ತು, ಬೇಡವೆಂದು ಬಿಟ್ಟರು. 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಹೊತ್ತಿಗೆ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮನೆಯಲ್ಲೇ ಮುದ್ರಿಸಿಕೊಳ್ಳುತ್ತಿದ್ದರು. ವಿಕರ್ನೆಸ್ ತನ್ನ ‘ಫಿಲೋಸೋಫೆಮ್’ ಆಲ್ಬಮ್ಮಿಗೆ ಗಿಟಾರನ್ನು ಮನೆಯ ಸ್ಟೀರಿಯೊ ಆಂಪ್ಲಿಫೈಯರಿಗೆ ಜೋಡಿಸಿದ, ಹಾಡಲಿಕ್ಕೆ ಸ್ಟುಡಿಯೋದಲ್ಲಿದ್ದ ಅತಿ ಕೆಟ್ಟ ಮೈಕು ಕೇಳಿ ಪಡೆದ. ಕೆಟ್ಟ ಮೈಕು ಬೇಕೆಂದು ಕೇಳುವವನಿಗೆ ಬಡತನದ ಕಾರಣ ಹೊರಿಸುತ್ತೀರಾ? ಇನ್ನೊಂದು ಕಡೆ ಮೇಹೆಮ್ ಮತ್ತು ಎಂಪರರ್ ತಂಡಗಳು ತಮ್ಮ ಆಲ್ಬಮ್ಮುಗಳನ್ನು ಮಾಡಿದ್ದು ಬರ್ಗೆನ್ನಿನ ಗ್ರೀಗ್‌ಹಾಲೆನ್‌ನಲ್ಲಿ, ಅಂದರೆ ಆ ಊರಿನ ಸಿಂಫನಿ ವಾದ್ಯವೃಂದ ಕಛೇರಿ ಕೊಡುವ ಸಭಾಂಗಣದ ಕಟ್ಟಡದಲ್ಲಿ. ಎಲ್ಲವನ್ನೂ ‘ಕಳಪೆ’ ಎಂದು ಒಂದೇ ಚೀಲಕ್ಕೆ ತುಂಬಿದಿರಿ.

ಕಿವಿಗಡಚಿಕ್ಕುವ ಗಿಟಾರ್. ಮದುವೆ ಮೆರವಣಿಗೆಯ ಡಿಜೆಯೂ ಕಿವಿಗಡಚಿಕ್ಕುತ್ತದೆ! ಈ ಗಿಟಾರ್ ಏನು ಮಾಡುತ್ತದೆ ಹೇಳಿ. ನಿಮ್ಮ ಲೇಖನ ಓದಿದ ಮೇಲೆ ಮಗನ ಹೆಡ್‌ಫೋನ್ ಇಸಿದುಕೊಂಡು ನಾಲ್ಕಾರು ರಾತ್ರಿ ಕೇಳಿದೆ. ಮೊದಲಿಗೆ ಬರೀ ಗದ್ದಲ, ನಿಜ. ಆಮೇಲೆ ಒಂದು ಹಿಡಿತ ಸಿಕ್ಕಿತು. ತಂತಿಯನ್ನು ಮೇಲೆ ಕೆಳಗೆ ಎಷ್ಟು ಬೇಗ ಮೀಟುತ್ತಾರೆಂದರೆ ಮೀಟುಗಳು ಬೇರೆ ಬೇರೆ ಕೇಳದೆ ಒಂದೇ ಹಾಸಾಗಿ ಹರಡುತ್ತವೆ. ಕೆಳಗೆ ಡ್ರಮ್ಮು ಬಿಡುವಿಲ್ಲದೆ ಓಡುತ್ತದೆ. ಸ್ವರ ಬದಲಾಗುವುದು ಮಾತ್ರ ನಿಧಾನಕ್ಕೆ. ತಬಲಾ ದ್ರುತದಲ್ಲಿ ಓಡುತ್ತಿದ್ದರೂ ಗವಾಯಿ ವಿಲಂಬಿತವನ್ನು ಬಿಟ್ಟುಕೊಡದೆ ಕೂತಂತೆ. ಕಿರಾಣಾ ಗಾಯನ ಕೇಳಿ ಬೆಳೆದ ನಮ್ಮ ಕಡೆಯ ಕಿವಿಗೆ ಇದು ದೂರದ್ದಲ್ಲ. ಹೆವಿ ಮೆಟಲ್‌ನವರು ಎರಡು ಸ್ವರದ ದಪ್ಪ ಕಾರ್ಡಿನಲ್ಲಿ ಹೊಡೆಯುತ್ತಿದ್ದ ಕಡೆ ಇವರು ಪೂರ್ತಿ ಮೈನರ್ ಕಾರ್ಡು ಬಿಡಿಸಿ ಮೀಟುತ್ತಾರೆ, ಆ ದುಃಖ ಅಲ್ಲಿಂದ ಬರುತ್ತದೆ. ಈ ಮೀಟನ್ನು ರೂಢಿಗೆ ತಂದವರಲ್ಲಿ ಒಬ್ಬ ಆ ಮೆಟ್ಟಿಲ ಮೇಲೆ ಸತ್ತ ಹುಡುಗ.

ನರಕಸದೃಶ ವಾತಾವರಣ. ಹೊಡೆದು ಹಾಕಿದ್ದೇನೆ.

ಅದೇ ಉಪಸಂಪಾದಕರು ಬನಶಂಕರಿ ಜಾತ್ರೆಗೆ ಹೊಸಬರನ್ನು ಕರೆದೊಯ್ಯುತ್ತಿದ್ದರು. ನಾಟಕ ಕಂಪನಿಗಳ ಟೆಂಟು ಸಾಲಾಗಿ ನಿಂತಿರುತ್ತಿದ್ದವು. ಮುಂದಿನ ಕುರ್ಚಿ ನಮಗಿಲ್ಲ. ಪೇಟಿ ಮಾಸ್ತರರ ಬೆನ್ನಿಗೆ, ರಂಗ ಅರ್ಧಂಬರ್ಧ ಕಾಣುವ ಮೂಲೆಯಲ್ಲಿ ಕೂಡಿಸಿ ಹೋಗುತ್ತಿದ್ದರು. ಬೆಳಗ್ಗೆ ಚಾ ಕುಡಿಯುತ್ತ ಕೇಳುವುದು: “ಸೀರಿ ಬಣ್ಣ ಬ್ಯಾಡ, ಸೀನು ಬ್ಯಾಡ. ಪೇಟಿ ಎಲ್ಲಿ ನಿಂತಿತು, ಎಲ್ಲಿ ಮತ್ತ ಹಿಡೀತು, ಅದನ್ನ ಹೇಳ.” ಒಂದು ನಾಟಕದಲ್ಲಿ ತಾಯಿ ಸಾಯುವ ದೃಶ್ಯಕ್ಕೆ ಮಾಸ್ತರರು ಬಲಗೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಎಡಗೈ ಒಂದೇ ಸ್ವರ ಹಿಡಿದಿತ್ತು, ಕಾಲು ಗಾಳಿ ತುಂಬುತ್ತಿತ್ತು. ಎಣ್ಣೆ ಕಾಣದ ಪೆಡಲಿನ ಕಿರಕಿರ ಆ ಸ್ವರದ ಜೊತೆಗೇ ಟೆಂಟಿನ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಎರಡು ಪುಟ ವಿಮರ್ಶೆ ಬರೆದುಕೊಟ್ಟೆ. ಅಚ್ಚಾದದ್ದು ಆ ಪೆಡಲಿನ ಪ್ಯಾರಾ ಒಂದೇ. ಬೈಲೈನೂ ಇರಲಿಲ್ಲ ಬಿಡಿ, ಆ ಪತ್ರಿಕೆಯಲ್ಲಿ ಯಾರಿಗೂ ಇರುತ್ತಿರಲಿಲ್ಲ.

ನಾಲ್ಕು, ಐದನೇ ಪುಟದ ಸಿಂಫೋನಿಕ್, ಫೋಕ್, ಅಟ್ಮಾಸ್ಫೆರಿಕ್ ಇತ್ಯಾದಿ ವಿಂಗಡಣೆಗೆ ನಾನು ಕೈ ಹಾಕಿಲ್ಲ. ಸರಿ ಇದ್ದರೂ ಇರಬಹುದು.

ಹೊಸದಾಗಿ ಬರೆಯುವುದಾದರೆ ಎರಡು ಪುಟ ಸಾಕು. ‘ಟ್ರಾನ್ಸಿಲ್ವೇನಿಯನ್ ಹಂಗರ್’ನ ಮೊದಲ ಹಾಡು ಒಂದನ್ನೇ ತೆಗೆದುಕೊಳ್ಳಿ, ಅದರಲ್ಲಿ ಗಿಟಾರಿನ ಸ್ವರ ಎಲ್ಲೆಲ್ಲಿ ಸರಿಯುತ್ತದೆ ಅನ್ನುವುದರಿಂದ ಶುರು ಮಾಡಿ. ಬೆಂಕಿಯ ಫೋಟೊ ಕಳಿಸಬೇಡಿ. ದೀಪಾವಳಿ ಸಂಚಿಕೆಯ ಪುಟಗಳು ತುಂಬಿವೆ. ಸಂಕ್ರಾಂತಿಯೊಳಗೆ ಕೈಸೇರಿದರೆ ಯುಗಾದಿ ಸಂಚಿಕೆಗೆ ನೋಡುತ್ತೇನೆ. ಹಳೆಯ ಪ್ರತಿ ವಾಪಸು ಬೇಕಿದ್ದರೆ ಸ್ಟಾಂಪು ಹಚ್ಚಿದ ಲಕೋಟೆ ಕಳಿಸಿ.

– ಸಂಪಾದಕ