ಮನೋರೋಗ ವಾರ್ಡಿನ ನರ್ಸ್ ಆಗುವಾಸೆ, ಮನೆಯಲ್ಲಿ ಬೇಡ ಅಂತಾರೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, 23 ವರ್ಷ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಎಂಟು ತಿಂಗಳಿಂದ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಓದುವಾಗ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಪೋಸ್ಟಿಂಗ್ ಹೋಗಿದ್ದೆ. ಆಗಿನಿಂದ ಇದೇ ಕೆಲಸ ಮಾಡಬೇಕು ಅನ್ನಿಸಿದೆ. ಅವ್ವ ಮಾತ್ರ ‘ಆ ದವಾಖಾನೆ ಸೇರಿದರೆ ನಿನ್ನ ಯಾರು ಮದುವೆ ಆಗ್ತಾರೆ’ ಅನ್ನುತ್ತಾಳೆ. ರೋಗಿಗಳು ಹೊಡೆದರೆ ಅಂತ ನನಗೂ ಒಳಗೊಳಗೇ ಭಯ. ಮುಂದೆ ಏನು ಓದಲಿ? ಕೆಲಸ ಎಲ್ಲಿ ಸಿಗುತ್ತದೆ?

ಉತ್ತರ: ಮೊದಲು ಭಯದ ಮಾತು. ಹೊಡೆತ ಬೀಳುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ನನಗೂ ಎರಡು ಸಲ ಬಿದ್ದಿದೆ. ಎರಡೂ ಸಲ ಅವಸರ ಮಾಡಿದ್ದು ನಾನೇ. ಕುಡಿತ ಬಿಟ್ಟ ಎರಡನೇ, ಮೂರನೇ ದಿನ ಕೈ ನಡುಗಿ, ಇಲ್ಲದ್ದೆಲ್ಲ ಕಾಣಿಸುತ್ತಿರುವವನ ಹತ್ತಿರ ದಡಬಡ ಹೋದರೆ ಅವನಿಗೆ ನೀವೇ ದೆವ್ವ. ಅವನು ಕೈ ಚಾಚಿದರೂ ಸಿಗದಷ್ಟು ದೂರ ನಿಲ್ಲಿ. ಬಾಗಿಲು ನಿಮ್ಮ ಕಡೆಗಿರಲಿ. ಹೆಸರು ಹಿಡಿದು ಮೆಲ್ಲಗೆ ಮಾತಾಡಿಸಿ. ಕೊರಳಲ್ಲಿ ಉದ್ದ ಸರ ಬೇಡ. ಇದೆಲ್ಲ ಮೂರು ತಿಂಗಳಲ್ಲಿ ಮೈಗೆ ಹತ್ತುತ್ತದೆ.

ಕಷ್ಟದ ಪಾಠ ಬೇರೆಯೇ ಇದೆ. ನಾನು ಹೊಸಬಳಿದ್ದಾಗ ವಾರ್ಡಿನಲ್ಲಿ ಒಬ್ಬ ಅಮ್ಮ ಇದ್ದರು. ವಾರಗಟ್ಟಲೆ ಅನ್ನ ಮುಟ್ಟದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು. ಒಂದು ದಿನ ಎದ್ದು ಸ್ನಾನ ಮಾಡಿದರು, ಊಟ ಮಾಡಿದರು, ಪಕ್ಕದ ಹಾಸಿಗೆಯವಳಿಗೆ ತಮ್ಮ ಒಳ್ಳೆಯ ಸೀರೆ ಕೊಟ್ಟರು. ನಾನು ಖುಷಿಯಾಗಿ ರಿಪೋರ್ಟಿನಲ್ಲಿ ‘ಶಾಂತವಾಗಿದ್ದಾರೆ’ ಅಂತ ಬರೆದೆ. ಹಿರಿಯ ಸಿಸ್ಟರ್ ಓದಿ, ‘ಶಾಂತ ಅಂದ್ರೆ ಏನಮ್ಮ? ನೀನು ಕಂಡಿದ್ದೇನು, ಅದನ್ನ ಬರಿ’ ಅಂದರು. ಸೀರೆ ಕೊಟ್ಟ ವಿಷಯ ಹೇಳಿದ್ದೇ ತಡ, ಅವರು ಹೋಗಿ ಆ ಅಮ್ಮನ ಪಕ್ಕ ಕೂತು ‘ಸಾಯಬೇಕು ಅನ್ನಿಸ್ತಿದೆಯಾ’ ಅಂತ ನೇರವಾಗಿಯೇ ಕೇಳಿದರು. ಹೌದು ಅಂದರು ಅಮ್ಮ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದ್ದರಿಂದಲೇ ಆ ರಾತ್ರಿ ಅವರ ಪಕ್ಕ ಒಬ್ಬರನ್ನು ಕೂರಿಸಲು ಆಯಿತು.

ನಮ್ಮ ಕೆಲಸವೆಲ್ಲ ಹೀಗೇ, ಸಣ್ಣದನ್ನು ಗಮನಿಸುವುದು. ಮಾತ್ರೆ ನಾಲಿಗೆ ಕೆಳಗೆ ಉಳಿಯಿತಾ? ಕ್ಷೌರ ಆದ ಮೇಲೆ ಬ್ಲೇಡಿನ ಲೆಕ್ಕ ಸರಿಯಾಯಿತಾ? ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರಿಗೆ ವಾಂತಿ ಭೇದಿ, ಕೈನಡುಕ ಜಾಸ್ತಿಯಾಯಿತಾ? ಆಗಿದ್ದರೆ ಮುಂದಿನ ಡೋಸ್ ಕೊಡುವ ಮೊದಲೇ ಡಾಕ್ಟರಿಗೆ ಹೇಳಬೇಕು. ರಕ್ತದಲ್ಲಿ ಲಿಥಿಯಂ ಮಿತಿ ಮೀರಿದರೆ ಜೀವಕ್ಕೇ ಅಪಾಯ. ಇಂಜೆಕ್ಷನ್ ಹಾಕುವ ಕೈಚಳಕ ನಿಮಗೆ ಈಗಲೇ ಇದೆ. ಈ ಕಣ್ಣು ಬೆಳೆಯಲು ವರ್ಷಗಳೇ ಬೇಕು.

ಇನ್ನು ಓದು. ಜಿಎನ್‌ಎಂ ಆದವರು ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಇಟ್ಟುಕೊಂಡು ಮನೋರೋಗ ನರ್ಸಿಂಗ್‌ನಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ಪ್ರವೇಶ ಪರೀಕ್ಷೆ ಇರುತ್ತದೆ. ಎಂ.ಎಸ್‌ಸಿ ತನಕ ಹೋಗುವ ಆಸೆಯಿದ್ದರೆ ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ ಆಗಬೇಕು. ನನ್ನ ಕೇಳಿದರೆ, ಈಗಿನ ಕೆಲಸದಲ್ಲಿ ವರ್ಷ ತುಂಬಿಸಿ, ಆಮೇಲೆ ಡಿಪ್ಲೊಮಾಕ್ಕೆ ಕೂರಿ. ಜನರಲ್ ವಾರ್ಡಿನ ಅನುಭವ ವ್ಯರ್ಥ ಅಲ್ಲ. ಮನಸ್ಸಿನ ಕಾಯಿಲೆಯವರಿಗೂ ಶುಗರ್, ಬಿಪಿ ಇರುತ್ತದೆ ಅಲ್ವಾ?

ಕೆಲಸ ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಅಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ನರ್ಸ್ ಹುದ್ದೆ ಇದೆ. ಹೆಚ್ಚಿನವು ಗುತ್ತಿಗೆಯವು, ಅದು ಬೇಸರದ ವಿಷಯ. ಈ ಕಾರ್ಯಕ್ರಮದ ಮಾದರಿ ರೂಪುಗೊಂಡಿದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ನೋಡಿ ಬೇರೆ ಜಿಲ್ಲೆಗಳಲ್ಲಿ ಶುರು ಮಾಡಿತು. 2022ರಲ್ಲಿ ಬಂದ ಟೆಲಿ ಮನಸ್ ಸಹಾಯವಾಣಿಗೂ (14416) ಈ ತರಬೇತಿ ಇರುವವರು ಬೇಕು.

ವ್ಯಸನಮುಕ್ತಿ ಕೇಂದ್ರದಿಂದ ಕರೆ ಬಂದರೆ ಸಂಬಳ ಎಷ್ಟು ಅನ್ನುವ ಮೊದಲು ನೋಂದಣಿ ಇದೆಯಾ ಅಂತ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ತಡೆದು ಹಿಡಿಯಲೇಬೇಕಾದಾಗ ಮನೋವೈದ್ಯರ ಒಪ್ಪಿಗೆ ಬೇಕು, ದಾಖಲೆಯೂ ಬೇಕು. ‘ಅದೆಲ್ಲ ಇಲ್ಲಿ ನಡಿಯಲ್ಲ ಸಿಸ್ಟರ್’ ಅನ್ನುವ ಜಾಗದಲ್ಲಿ ಒಂದು ದಿನವೂ ಇರಬೇಡಿ.

ಅವ್ವನ ಮಾತಿಗೆ ವಾದ ಮಾಡಬೇಡಿ. ಒಮ್ಮೆ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಅರ್ಧ ದಿನ ಕೂರಿಸಿ. ನಿದ್ದೆ ಬಾರದ ರೈತ, ಹೆರಿಗೆಯಾಗಿ ಎರಡು ತಿಂಗಳಾದರೂ ಅಳುತ್ತಲೇ ಇರುವ ಸೊಸೆ, ಪರೀಕ್ಷೆ ಅಂದರೆ ಬೆವರುವ ಹುಡುಗ. ಅವರ ಪೈಕಿ ಯಾರೋ ಒಬ್ಬರು ಅವ್ವನ ಗುರುತಿನವರೇ ಸಿಕ್ಕರೂ ಸಿಕ್ಕಾರು.

ಪ್ರಶ್ನೆ: ಪುರುಷರಿಗೆ ಇದರಲ್ಲಿ ಅವಕಾಶ ಇದೆಯಾ? ಮುಂದೆ ಬ್ರಿಟನ್ನಿಗೆ ಹೋಗುವ ಯೋಚನೆಯೂ ಇದೆ.

ಉತ್ತರ: ಖಂಡಿತ ಇದೆ. ಗಂಡಸರ ವಾರ್ಡುಗಳಲ್ಲಿ ಬ್ರದರ್‌ಗಳು ಬೇಕೇ ಬೇಕು. ಆದರೆ ನಿಮ್ಮನ್ನು ಬರೀ ರೋಗಿಯನ್ನು ಹಿಡಿಯೋಕೆ ಕರೆಯುತ್ತಿದ್ದರೆ ಒಪ್ಪಬೇಡಿ. ಬ್ರಿಟನ್ನಿನಲ್ಲಿ ಮಾನಸಿಕ ಆರೋಗ್ಯದ ನರ್ಸಿಂಗ್ ಬೇರೆಯದೇ ವಿಭಾಗ, ಅದರ ನೋಂದಣಿ ಪರೀಕ್ಷೆಯೂ ಬೇರೆ. ಅರ್ಜಿ ಹಾಕುವಾಗಲೇ ಯಾವ ವಿಭಾಗ ಅಂತ ತೀರ್ಮಾನಿಸಿಕೊಳ್ಳಿ. ಇಲ್ಲಿ ಮಾಡಿದ ಮನೋರೋಗ ವಾರ್ಡಿನ ಕೆಲಸದ ಅನುಭವ ಪತ್ರಗಳನ್ನು ತಾರೀಖಿನ ಸಮೇತ ಜೋಪಾನವಾಗಿ ಇಟ್ಟುಕೊಳ್ಳಿ.